ನೊಣದ ಪ್ರೋಟೀನು ಮತ್ತು ಮುನಿರಾಜಣ್ಣನ ಸೀಬೆ

ಸುದ್ದಿಗೆ ಜಾಗ ಸಾಲದಿದ್ದರೆ ಕೊನೆಯಿಂದ ಕತ್ತರಿಸಬೇಕು. ಮುಖ್ಯವಾದದ್ದೆಲ್ಲ ಮೊದಲೇ ಬಂದಿರುತ್ತದೆ, ಕೊನೆಯ ಪ್ಯಾರಾ ಹೋದರೆ ಯಾರೂ ಅಳುವುದಿಲ್ಲ ಎಂಬುದು ನಮ್ಮ ಕಸುಬಿನ ನಂಬಿಕೆ. ಹೆಂಡತಿಯ ಮಾತಿಗೂ ಇದೇ ನಿಯಮ ಅನ್ವಯಿಸಿ ಎಷ್ಟೋ ಸಲ ಕೊತ್ತಂಬರಿ ಸೊಪ್ಪಿಲ್ಲದೆ ಮನೆಗೆ ಬಂದಿದ್ದೇನೆ. ಆದರೂ ಬುದ್ಧಿ ಬರಲಿಲ್ಲ.

ನಮ್ಮ ಪತ್ರಿಕೆಯ ದೇವನಹಳ್ಳಿ ಪುಟಕ್ಕೆ ವರದಿಗಾರನೂ ನಾನೇ, ಕತ್ತರಿ ಹಿಡಿಯುವವನೂ ನಾನೇ. ವಿಮಾನ ನಿಲ್ದಾಣ ಬಂದ ಮೇಲೆ ರಸ್ತೆ, ಜಮೀನು, ಧರಣಿ ಎಂದು ಬರೆದು ಬರೆದು ಸಾಕಾಗಿತ್ತು. ಅಂಥ ಹೊತ್ತಿನಲ್ಲಿ ಹೆಂಡತಿಯ ಅಕ್ಕನ ಮಗಳು ಸುಷ್ಮಾ ಮನೆಗೆ ಬಂದಳು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಹಣ್ಣಿನ ನೊಣದ ಪ್ರೋಟೀನೊಂದರ ಆಕಾರ ಕಂಡುಹಿಡಿದವಳು. ನಾನಿನ್ನೂ ಓದಿರದ ಪೇಪರಿನಿಂದ ಒಂದು ಪಟ್ಟಿ ಹರಿದು, ಮಡಚಿ ಮಡಚಿ ಮುದ್ದೆ ಮಾಡಿ, ಅದರ ಸಂದಿಯಲ್ಲಿ ಹೊಲಿಗೆ ದಾರ ಕೂರಿಸಿದಳು.

"ನೋಡಿ ಚಿಕ್ಕಪ್ಪ, ಡಿಎನ್‌ಎಯಲ್ಲಿ ಕೆಲವು ತುಣುಕು ಕೂತಲ್ಲಿ ಕೂರಲ್ಲ. ಜಾಗದಿಂದ ಜಾಗಕ್ಕೆ ನೆಗೀತವೆ, ಹೋದಕಡೆ ಕೆಡಿಸ್ತವೆ. ಅವು ಕಳಿಸೋ ಆರ್‌ಎನ್‌ಎ ಎಳೇನ ಈ ಪ್ರೋಟೀನು ಹೀಗೆ ಸಂದಿಲಿ ಹಿಡ್ಕೊಂಡು ಅವನ್ನ ಸುಮ್ಮನಿರಿಸೋಕೆ ಸಹಾಯ ಮಾಡುತ್ತೆ. ಇದು ಕೈಕೊಟ್ರೆ ನೊಣದ ಮೊಟ್ಟೆ ಮರಿಯಾಗಲ್ಲ. ಆದ್ರೆ ಔಷಧಿ ಗಿವುಷಧಿ ಅಂತ ಬರೀಬೇಡಿ, ಪ್ಲೀಸ್."

ನಾನು ಶಿಸ್ತಿನವನು. ಇದು ಔಷಧಿಯಲ್ಲ, ಪ್ರಯೋಗಾಲಯದ ನೊಣವೇ ಬೇರೆ, ತೋಟದ ನೊಣವೇ ಬೇರೆ ಎಂದು ಸ್ಪಷ್ಟವಾಗಿ ಬರೆದೆ. ಕೊನೆಯ ಪ್ಯಾರಾದಲ್ಲಿ.

ಎರಡು ತಿಂಗಳ ಮೇಲೆ ಆವತಿಯ ಮುನಿರಾಜಣ್ಣ ತೋಟಕ್ಕೆ ಕರೆಸಿದ. ಸೀಬೆ ಬೆಳೆಯುವವನು. ನೊಣ ಮೊಟ್ಟೆ ಇಡದ ಹಾಗೆ ಪ್ರತಿ ವರ್ಷ ಒಂದೊಂದು ಕಾಯಿಗೂ ಹಳೇ ಪೇಪರ್ ಸುತ್ತುತ್ತಾನೆ.

"ಈ ಸಲ ಸುತ್ತೋದೇ ಬಿಟ್ಬಿಟ್ಟೆ ಸಾರ್. ನೊಣಕ್ಕೇ ಸಂತಾನ ಇರಲ್ಲ ಅಂತ ನೀವೇ ಬರೆದ್ರಲ್ಲಾ. ಆ ಔಷಧಿ ಇನ್ನೂ ಕಾಣ್ಲಿಲ್ಲ, ಯಾವ ಅಂಗಡೀಲಿ ಸಿಗುತ್ತೆ?" ಎನ್ನುತ್ತ ಒಂದು ಹಣ್ಣು ಬಿಚ್ಚಿ ತೋರಿಸಿದ. ಒಳಗೆ ನೊಣದ ಸಂತಾನ ಆರೋಗ್ಯವಾಗಿತ್ತು. ಮೊದಲ ಫಸಲು ಅರ್ಧಕ್ಕರ್ಧ ನೆಲದ ಮೇಲಿತ್ತು.

ಸುಷ್ಮಾಗೆ ಫೋನ್ ಮಾಡಿದೆ. "ನಮ್ಮ ನೊಣನೇ ಬೇರೆ ಚಿಕ್ಕಪ್ಪ, ನೀವು ಬರೆದಿದ್ರಿ ತಾನೇ?" ಎಂದಳು. "ಬರೆದಿದ್ದೆ" ಎಂದೆ. ಸುಳ್ಳಲ್ಲ. ಅದು ಅಚ್ಚಾಯಿತೇ ಎಂದು ಅವಳು ಕೇಳಲಿಲ್ಲ.

ಔಷಧಿ ಇಲ್ಲವೆಂದು ಮುನಿರಾಜಣ್ಣನಿಗೆ ಮನವರಿಕೆ ಮಾಡಿ, ಉಳಿದ ಎಳೆಕಾಯಿಗಳಿಗೆ ಪೇಪರ್ ಸುತ್ತಲು ನನ್ನ ವಾರದ ರಜೆ ಕೊಟ್ಟೆ. ಅವನು ಬೈದಿದ್ದರೆ ಚೆನ್ನಾಗಿತ್ತು. "ಬಿಗಿಯಾಗಿ ಕಟ್ಟಿ ಸಾರ್, ಇದು ಹೆಡ್ಡಿಂಗ್ ಕೊಟ್ಟಂಗಲ್ಲ" ಎಂದನಷ್ಟೆ. ಮಧ್ಯಾಹ್ನದ ಹೊತ್ತಿಗೆ ರಾಶಿಯಿಂದ ಒಂದು ಹಾಳೆ ಎಳೆದು ಬಿಡಿಸಿದ. ಅದೇ ವರದಿ.

"ಔಷಧಿ ಇಲ್ಲ ಅಂತ ಒಂದು ಲೈನ್ ಹಾಕಕ್ಕೆ ಜಾಗ ಇರ್ಲಿಲ್ವಾ ಸಾರ್?"

"ಇರಲಿಲ್ಲ ಮುನಿರಾಜಣ್ಣ."

"ಇಲ್ಲೊಂದು ಲೈನ್ ಇತ್ತಲ್ಲ" ಎಂದು ಬೆರಳಿಟ್ಟ. ಶೀರ್ಷಿಕೆಯ ಕೆಳಗೆ, ದಪ್ಪಕ್ಷರದಲ್ಲಿ, ನನ್ನ ಹೆಸರು.

ಹಾಳೆ ಇಸಿದುಕೊಂಡು ಹತ್ತಿರದ ಕಾಯಿಗೆ ಸುತ್ತಿದೆ, ಹೆಸರು ಒಳಗಡೆ ಹೋಗುವಂತೆ.