ಟೇಪು ಮಾವನ ಬೋರ್ಡು

ಅಷ್ಟೂ ರಾದ್ಧಾಂತ ಶುರುವಾದದ್ದು ಎರಡು ಮೊಳೆಗಳಿಂದ. ಬೆಳಗ್ಗೆ ಎಂಟಕ್ಕೆ ಟೇಪು ಮಾವ ಮನೆಯ ಮುಂದಿನ ಗೋಡೆಗೆ ಅವನ್ನು ಹೊಡೆದರು. ಒಂದು ನೆಟ್ಟಗೆ ಹೋಯಿತು, ಇನ್ನೊಂದು ಸೊಂಟ ಉಳುಕಿದವರ ಹಾಗೆ ಬಗ್ಗಿತು. ಎರಡಕ್ಕೂ ಸೇರಿಸಿ ಒಂದು ಬೋರ್ಡು ನೇತುಹಾಕಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದರು.

‘ಟೇಪು ಮಾವ – ಬೆಕ್ಕಿನ ಹಾಸಿಗೆಗಳು’.

ಕೊರಳಲ್ಲಿ ಸದಾ ಅಳತೆಯ ಟೇಪು ಇರುತ್ತಿದ್ದುದರಿಂದ ಬೀದಿಯ ಮಕ್ಕಳು ಇಟ್ಟ ಹೆಸರು ಅದು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಮೂವತ್ತು ವರ್ಷ ಅವರು ಇನ್ನೊಬ್ಬರ ಟೈಲರ್ ಅಂಗಡಿಯಲ್ಲಿ, ಇನ್ನೊಬ್ಬರ ಹೆಸರಿನ ಬೋರ್ಡಿನ ಕೆಳಗೆ ಕೂತು ಹೊಲಿದಿದ್ದರು. ದಿನಾ ಸಂಜೆ ಮಾಲೀಕರು ಬೀಗ ಹಾಕುತ್ತ, ತಲೆ ಎತ್ತದೆ, “ನಾಳೆ ಒಂಬತ್ತಕ್ಕೆ. ತಡ ಆಗ್ಬಾರ್ದು” ಅನ್ನುತ್ತಿದ್ದರು. ಮಾವ “ಆಯ್ತು ಸಾರ್” ಅನ್ನುತ್ತಿದ್ದರು. ಮೂವತ್ತು ವರ್ಷದಲ್ಲಿ ಮಾವ ಒಂದು ದಿನವೂ ತಡ ಮಾಡಿರಲಿಲ್ಲ, ಮಾಲೀಕರು ಒಂದು ದಿನವೂ ಆ ಮಾತು ಬಿಟ್ಟಿರಲಿಲ್ಲ.

ಹೋದ ವರ್ಷ ಆ ಅಂಗಡಿ ಮುಚ್ಚಿತು. ಮನೆಯಲ್ಲಿ ಕೈ ಸುಮ್ಮನಿರದೆ ಮಾವ ಉಳಿದ ಸ್ಪಂಜು, ಮಖಮಲ್ಲು ಸೇರಿಸಿ ಬೀದಿಯ ಬೆಕ್ಕಿಗೊಂದು ದುಂಡನೆ ಹಾಸಿಗೆ ಹೊಲಿದರು. ಬೆಕ್ಕು ಅದನ್ನು ಮೂಸಿ ನೋಡಿ, ಚಪ್ಪಲಿ ಬಂದಿದ್ದ ರಟ್ಟಿನ ಡಬ್ಬಿಗೇ ಹೋಗಿ ಮಲಗಿತು. ಆದರೆ ಹೆಂಡತಿ ಅದನ್ನು ಹೇಗೋ ಅರೆಗಳಿಗೆ ಹಾಸಿಗೆಯಲ್ಲಿ ಕೂರಿಸಿ, ಫೋಟೊ ತೆಗೆದು, ಫೋನಿನೊಳಗಿನ ಸಂತೆಯಂಥ ಒಂದು ಆನ್‌ಲೈನ್ ತಾಣಕ್ಕೆ ಹಾಕಿಬಿಟ್ಟರು. ನಾಲ್ಕೇ ದಿನದಲ್ಲಿ ಹನ್ನೊಂದು ಜನ ಹಾಸಿಗೆ ಬೇಕು ಅಂದರು. ಬೆಕ್ಕಿಗೆ ಬೇಡವಾದದ್ದು ಬೆಕ್ಕಿನ ಯಜಮಾನರಿಗೆ ಬೇಕಾಯಿತು.

ಹಿಂದೆಯೇ ತಾಣದವರ ಸಂದೇಶವೂ ಬಂತು. ತೆರಿಗೆ ನೋಂದಣಿಯ ನಂಬರು ಕೊಡಿ, ಇಲ್ಲದಿದ್ದರೆ ಇಂಥ ದಿನ ಸಂಜೆ ಆರಕ್ಕೆ ನಿಮ್ಮ ಅಂಗಡಿ ಮುಚ್ಚಲಾಗುವುದು ಅಂತ. ಆ ಇಂಥ ದಿನವೇ ಇವತ್ತು. ನಂಬರಿಗೆ ಅರ್ಜಿ ಹೋಗಿತ್ತು. ಜಾಗ ನೋಡಲು ತೆರಿಗೆ ಇನ್‌ಸ್ಪೆಕ್ಟರ್ ಕೂಡ ಇವತ್ತೇ ಬರುವವರಿದ್ದರು. ಅವರು ಬಂದಾಗ ಗೋಡೆಯ ಮೇಲೆ ಬೋರ್ಡು ಇರಲೇಬೇಕಿತ್ತು.

“ಅಂಗಡಿ ಇರೋದು ಫೋನಲ್ಲಿ. ಬೋರ್ಡು ಯಾಕ್ರೀ ಗೋಡೆ ಮೇಲೆ?” ಹೆಂಡತಿ ಕೇಳಿದರು.

ಉತ್ತರ ಮಹಡಿಯಿಂದ ಬಂತು. “ಫೋನಿಗೆ ಮೊಳೆ ಹೊಡಿಯೋಕಾಗುತ್ತೇನಮ್ಮ? ಸರ್ಕಾರಕ್ಕೆ ಗೋಡೆ ಬೇಕು!”

ಅದು ಫೈಲು ರಾಯರು. ಮನೆಯ ಮಾಲೀಕರು, ನಿವೃತ್ತ ಗುಮಾಸ್ತರು. ಮಾವನ ಅರ್ಜಿಯನ್ನು ಮೂರು ಪ್ರತಿಯಲ್ಲಿ ತುಂಬಿಕೊಟ್ಟವರೂ ಅವರೇ. ನಿವೃತ್ತಿಯಾದ ಮೇಲೆ ಫೈಲಿಲ್ಲದೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಮನೆಯಲ್ಲೇ ಒಂದು ‘ಸಲಹಾ ಕಚೇರಿ’ ತೆರೆದು ನೋಂದಣಿ ನಂಬರನ್ನೂ ಪಡೆದಿದ್ದರು. ಸಲಹೆ ಕೇಳಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಆದರೂ ತಿಂಗಳು ತಿಂಗಳು ತಪ್ಪದೆ ತೆರಿಗೆಯ ಲೆಕ್ಕ ಕಳಿಸಿ, “ಈ ತಿಂಗಳೂ ಸೊನ್ನೆ ಸರಿಯಾಗಿ ಕೂತಿದೆ” ಎಂದು ಬೀದಿಗೆಲ್ಲ ಹೇಳುತ್ತಿದ್ದರು.

ಒಂಬತ್ತಕ್ಕೆ ಕರೆಂಟು ಮೀಟರ್ ಓದುವವನು ಬಂದ. ಬೋರ್ಡು ನೋಡಿದ, ಮೀಟರ್ ನೋಡಿದ, ಮತ್ತೆ ಬೋರ್ಡು ನೋಡಿದ. ಕೈಯಲ್ಲಿದ್ದ ಯಂತ್ರ ಒತ್ತಿ ಒಂದು ಚೀಟಿ ಹರಿದುಕೊಟ್ಟು ಹೋದ. ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಅದನ್ನು ಒದ್ದೆ ಕೈಯಲ್ಲೇ ಗಡಿಯಾರದ ಹಿಂದೆ ಸಿಕ್ಕಿಸಿದರು.

ಹತ್ತಕ್ಕೆ ಎದುರುಮನೆಯ ವಿಮೆ ಅಕ್ಕ ಓಡಿಬಂದರು. ಯಾರ ಮನೆಯಲ್ಲಿ ಯಾರು ಕೆಮ್ಮಿದರೂ ಆಕೆಗೆ ಅದೊಂದು ಪಾಲಿಸಿ.

“ಮಾವ! ಇದೇನಿದು ಗೋಡೆ ಮೇಲೆ? ತೆಗೀರಿ, ತೆಗೀರಿ!”

“ಯಾಕಮ್ಮ? ಸೊಟ್ಟಗಿದ್ಯಾ?”

“ಸೊಟ್ಟಗಿದ್ರೆ ಇರ್ಲಿ. ನಿಮ್ಮನೆ ವಿಮೆಗೆ ಕಂಪನಿಯಿಂದ ಸರ್ವೆಯವರು ಇವತ್ತು ಬರ್ತಿದ್ದಾರೆ. ನೀವೇ ತಾನೆ ಕೇಳಿದ್ದು, ಮನೆ ತುಂಬ ಸ್ಪಂಜು, ಬಟ್ಟೆ, ಒಂದು ಕಿಡಿ ಬಿದ್ರೆ ಗತಿಯೇನು ಅಂತ?”

“ಹೌದು, ಕೇಳಿದ್ದೆ.”

“ಅದು ಮನೆ ವಿಮೆ. ಅಂಗಡಿ ಬೋರ್ಡು ನೋಡಿದ್ರೆ ಕೊಡ್ತಾರಾ? ಅಂಗಡಿ ವಿಮೆ ಮಾಡಿಸಿ ಅಂತಾರೆ.”

“ಹಾಗಾದ್ರೆ ಅದನ್ನೇ ಮಾಡ್ಸು.”

“ಅದಕ್ಕೆ ನೋಂದಣಿ ನಂಬರ್ ಬೇಕು ಮಾವ! ಇದ್ಯಾ?”

ಇರಲಿಲ್ಲ. ನಂಬರಿಗೆ ಬೋರ್ಡು ಹಾಕಬೇಕು, ವಿಮೆಗೆ ಬೋರ್ಡು ತೆಗೆಯಬೇಕು. ಮಾವ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು.

“ಸುಳ್ಳಾಗಲ್ವೇನಮ್ಮ?”

“ಒರೆಸೋಕೆ ಇಳಿಸಿದ್ದೀವಿ ಅಂದ್ಕೊಳ್ಳಿ. ಅವರು ಬಂದು ಹೋಗೋದು ಹತ್ತು ನಿಮಿಷ. ಆಮೇಲೆ ಮತ್ತೆ ಹಾಕಿ. ನಂಬರ್ ಬಂದ್ಮೇಲೆ ಪಾಲಿಸಿ ನಾನೇ ಬದಲಾಯಿಸ್ತೀನಿ.”

ಮಾವನ ಕೈ ಏಳಲಿಲ್ಲ. ವಿಮೆ ಅಕ್ಕನ ಕೈ ಎದ್ದಿತು. ಬೋರ್ಡನ್ನು ಒಳಗೊಯ್ದು ಮಂಚದ ಮೇಲೆ ಮಗುಚಿ ಹಾಕಿದರು. ಬರೀ ಮೊಳೆಗಳು ಕಂಡರೆ ಅನುಮಾನ ಬಂದೀತು ಎಂದು, ಹಗ್ಗದ ಮೇಲೆ ಒಣಗುತ್ತಿದ್ದ ಮಾವನ ಬನಿಯನ್ನನ್ನು ತಂದು ಎರಡೂ ಮೊಳೆಗೆ ತೋಳು ಸಿಕ್ಕಿಸಿ ಹರವಿದರು. ಬನಿಯನ್ನಿನ ಹೊಟ್ಟೆಯ ಹತ್ತಿರ ರೂಪಾಯಿ ಅಗಲದ ತೂತಿತ್ತು. ಮಾವ ಊರವರ ಬಟ್ಟೆ ಹೊಲಿದವರೇ ಹೊರತು ತಮ್ಮದನ್ನಲ್ಲ.

ಸರ್ವೆಯವರು ಹನ್ನೊಂದಕ್ಕೆ ಬರಲಿಲ್ಲ, ಹನ್ನೆರಡಕ್ಕೂ ಬರಲಿಲ್ಲ. ಮಾವ ಬಾಗಿಲಲ್ಲೇ ಕೂತಿದ್ದರು. ರಸ್ತೆಯಲ್ಲಿ ಸ್ಕೂಟರ್ ಸದ್ದಾದರೆ ಸಾಕು, ತೆರಿಗೆಯವರೋ ವಿಮೆಯವರೋ, ಬೋರ್ಡು ಹಾಕುವುದೋ ಬನಿಯನ್ ಹಾಕುವುದೋ ಎಂದು ಎದ್ದು ನಿಲ್ಲುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಮಂಡಿಗಳು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿದವು.

“ಊಟಕ್ಕಾದ್ರೂ ಬನ್ರೀ.”

“ನೀನು ಮಾಡು. ಹನ್ನೊಂದು ಜನಕ್ಕೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀವಿ.” ಸ್ವಲ್ಪ ತಡೆದು ಮಾವ ಮೆಲ್ಲಗೆ ಅಂದರು, “ಬೋರ್ಡು ಚೆನ್ನಾಗಿತ್ತು, ಅಲ್ವಾ?”

ಹೆಂಡತಿ ತಟ್ಟೆಯನ್ನು ಬಾಗಿಲಿಗೇ ತಂದಿಟ್ಟರು.

ಮೂರೂವರೆಗೆ ಸರ್ವೆಯವರು ಬಂದರು. ಕಡ್ಡಿಯಂಥ ಮನುಷ್ಯ, ಅವರಿಗಿಂತ ಅವರ ಚೀಲವೇ ದಪ್ಪ. ಒಳಗೆ ಬಂದು ಕೂತು ಫಾರಂ ಬಿಡಿಸಿ, ಪೆನ್ನು ಮರೆತಿದ್ದೇನೆ ಅಂದರು. ಮಾವ ತಮ್ಮದನ್ನು ಕೊಟ್ಟರು. ಸಲಹೆ ಬೇಕಾಗಬಹುದೆಂದು ಫೈಲು ರಾಯರೂ ಮಹಡಿ ಇಳಿದು ಬಂದು ಕುರ್ಚಿ ಹಿಡಿದರು.

“ಮನೆಯಲ್ಲಿ ಯಾರ್ಯಾರು ಇದ್ದೀರಿ?” ಎಂದು ಸರ್ವೆಯವರು ಮೊದಲ ಪ್ರಶ್ನೆ ಕೇಳುತ್ತಿದ್ದಂತೆ ಬಾಗಿಲಲ್ಲಿ ಹೆಲ್ಮೆಟ್ ಹಿಡಿದ ಹುಡುಗಿಯೊಬ್ಬಳು ಕಾಣಿಸಿದಳು. ಮಗಳ ವಯಸ್ಸು. ಬೆಳಗ್ಗಿನಿಂದ ಏನೂ ತಿಂದಂತಿರಲಿಲ್ಲ.

“ತೆರಿಗೆ ಇನ್‌ಸ್ಪೆಕ್ಟರ್. ಟೇಪು ಮಾವ ಅಂದ್ರೆ ಯಾರು?”

ಇಡೀ ಮನೆ ಕರೆಂಟು ಹೋದ ಫ್ಯಾನಿನ ಹಾಗೆ ನಿಧಾನವಾಗಿ ನಿಂತಿತು.

“ಇಲ್ಲಿ ವ್ಯಾಪಾರ ಇದ್ಯಾ?” ಹುಡುಗಿ ಕೇಳಿದಳು.

ಸರ್ವೆಯವರ ಪೆನ್ನು ಗಾಳಿಯಲ್ಲೇ ಉಳಿಯಿತು. ವಿಮೆ ಅಕ್ಕ ಕುಕ್ಕರಿನ ಹಾಗೆ ಒಂದೇ ಸಮನೆ ಕೆಮ್ಮತೊಡಗಿದರು. ಇಲ್ಲ ಅಂದರೆ ವಿಮೆ ಸಿಕ್ಕುತ್ತದೆ, ನಂಬರು ಹೋಗುತ್ತದೆ. ಇದೆ ಅಂದರೆ ವಿಮೆ ಹೋಗುತ್ತದೆ. ಮಾವ ಹೆಂಡತಿಯ ಮುಖ ನೋಡಿದರು. ಹೆಂಡತಿ ಮಂಚದ ಕಡೆ ನೋಡಿದರು.

“ಇದೆ,” ಅಂದರು ಮಾವ. “ನಂದೇ.”

ಮೂವತ್ತು ವರ್ಷದಲ್ಲಿ ಆ ಮಾತನ್ನು ಅವರು ಮೊದಲ ಸಲ ಆಡಿದ್ದು. ಆಡಿದ ಮೇಲೆ ಧೈರ್ಯ ಬಂದು ಒಳಗೆ ಹೋಗಿ ಬೋರ್ಡು ಎತ್ತಿದರು. ಅದರ ಮೇಲೆ ಬೆಕ್ಕು ಮಲಗಿತ್ತು. ಹಾಗೇ ಬೆಕ್ಕಿನ ಸಮೇತ ಎತ್ತಿ ತಂದರು.

ಹುಡುಗಿಯ ಮುಖ ಬಾಡಿತು. “ಅಯ್ಯೋ ಮಾವ, ಗೋಡೆ ಫೋಟೊ ಒಳಗೆ ಬರೋಕೆ ಮುಂಚೆನೇ ಕಳಿಸ್ಬಿಟ್ಟೆ. ಒಂದೇ ಸಲ ಹೋಗೋದು, ವಾಪಸ್ ತಗೊಳ್ಳೋಕೆ ಆಗಲ್ಲ.” ಫೋನು ತಿರುಗಿಸಿ ತೋರಿಸಿದಳು. ವ್ಯಾಪಾರದ ಸ್ಥಳ ಎಂಬ ತಲೆಬರಹದ ಕೆಳಗೆ, ತೋಳು ಚಾಚಿ ನಿಂತ ಬನಿಯನ್ನು. ತೂತು ಬಲು ಸ್ಪಷ್ಟವಾಗಿ ಬಂದಿತ್ತು.

“ನನಗೊಂದು ಪೆನ್ನು ಕೊಡ್ತೀರಾ?” ಎಂದಳು.

ಮನೆಯಲ್ಲಿದ್ದದ್ದು ಒಂದೇ ಪೆನ್ನು. ಸರ್ವೆಯವರು ‘ಇಲ್ಲಿ ವ್ಯಾಪಾರ ನಡೆಯುತ್ತಿದೆ, ಮನೆ ವಿಮೆ ಕೊಡಲಾಗದು’ ಎಂದು ಬರೆದು ಪೆನ್ನನ್ನು ಅವಳಿಗೆ ದಾಟಿಸಿದರು. ಅದೇ ಮೇಜಿನ ಮೇಲೆ, ಅದೇ ಪೆನ್ನಿನಲ್ಲಿ ಅವಳು ‘ಇಲ್ಲಿ ವ್ಯಾಪಾರ ಕಂಡುಬಂದಿಲ್ಲ, ಅರ್ಜಿ ತಿರಸ್ಕರಿಸಿದೆ’ ಎಂದು ಬರೆದಳು. ಬರೆದು, “ಬೇಜಾರು ಮಾಡ್ಕೋಬೇಡಿ. ಇನ್ನೊಂದು ತಿಂಗಳಲ್ಲಿ ಮತ್ತೆ ಅರ್ಜಿ ಹಾಕಿ” ಎಂದಳು.

“ತಿಂಗಳಾ? ಸಂಜೆ ಆರಕ್ಕೆ ಅಂಗಡಿ ಮುಚ್ಚುತ್ತೆ ತಾಯಿ,” ಅಂದರು ಮಾವ. ಕೋಪವಿಲ್ಲದೆ ಅಂದರು. ಅದಕ್ಕೇ ಯಾರಿಗೂ ಅವರ ಮುಖ ನೋಡಲಾಗಲಿಲ್ಲ.

ಗಂಟೆ ಎಷ್ಟಾಯಿತೆಂದು ನೋಡಲು ತಲೆ ಎತ್ತಿದ ಹೆಂಡತಿಗೆ ಗಡಿಯಾರದ ಹಿಂದಿನ ಚೀಟಿ ಕಂಡಿತು. ತೆಗೆದು ಓದಿದರು. ಇನ್ನೊಮ್ಮೆ ಓದಿದರು.

“ರೀ! ಕರೆಂಟಿನವನು ನಮ್ಮನೇನ ಅಂಗಡಿ ದರಕ್ಕೆ ಹಾಕಿ ಹೋಗಿದ್ದಾನೆ!”

“ಸರಿಹೋಯ್ತು. ಅದೊಂದು ಬಾಕಿ ಇತ್ತು,” ಮಾವ ತಲೆಯ ಮೇಲೆ ಕೈಹೊತ್ತರು.

ಹುಡುಗಿ ಮಾತ್ರ ಚೀಟಿಯನ್ನು ಕಸಿದುಕೊಂಡಳು. ಅವಳ ಕಣ್ಣು ಅರಳಿತು. “ಇದು ಸರ್ಕಾರಿ ದಾಖಲೆ! ‘ಸ್ಥಳದಲ್ಲಿ ಅಂಗಡಿ ಇದೆ, ಬೋರ್ಡು ನೋಡಿದೆ’ ಅಂತಿದೆ. ಮುಂಚೆನೇ ಕೊಡ್ಬಾರ್ದಾ? ನನ್ನ ಫೋಟೊ ಏನಾದ್ರೂ ಹೇಳ್ಲಿ, ಅಂಗಡಿ ಇದೆ ಅಂತ ಆಯ್ತು!”

ವಿಮೆ ಅಕ್ಕ ಚಪ್ಪಾಳೆ ತಟ್ಟಿದರು. ಮಾವನ ಬೆನ್ನು ಒಂದು ಇಂಚು ನೆಟ್ಟಗಾಯಿತು.

“ಆದ್ರೆ...” ಹುಡುಗಿ ಚೀಟಿಯನ್ನು ಬೆಳಕಿಗೆ ಹಿಡಿದಳು. “ಹೆಸರು ನಿಮ್ಮದಲ್ಲವಲ್ಲ. ಇದು ಯಾರು?”

ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ಮೀಟರು ಇದ್ದದ್ದು ಮನೆಯ ಮಾಲೀಕರ ಹೆಸರಿನಲ್ಲಿ. ಫೈಲು ರಾಯರು ಗಂಟಲು ಸರಿಮಾಡಿಕೊಂಡರು.

“ದಾಖಲೆ ಪ್ರಕಾರ ಅಂಗಡಿ ಇವರದ್ದು,” ಅಂದಳು ಹುಡುಗಿ. “ಸಾರ್, ನಿಮ್ಮ ಹತ್ರ ನೋಂದಣಿ ನಂಬರ್ ಇದ್ಯಾ?”

“ಇದ್ಯಾ?” ರಾಯರು ಎದ್ದು ನಿಂತರು. “ಇಪ್ಪತ್ತಾರು ತಿಂಗಳಿಂದ ಒಂದು ಸೊನ್ನೆ ಆಚೀಚೆ ಆಗಿಲ್ಲ!”

“ಹಾಗಾದ್ರೆ ಐದು ನಿಮಿಷದ ಕೆಲಸ. ನಿಮ್ಮ ನಂಬರಿಗೆ ಬೆಕ್ಕಿನ ಹಾಸಿಗೆ ಅಂತ ಒಂದು ಸರಕು ಸೇರಿಸಿ. ಅದಕ್ಕೆ ತಪಾಸಣೆ ಬೇಡ. ಆರರೊಳಗೆ ಮುಗಿಯುತ್ತೆ.”

ಮಾವ ಮೂಲೆಯಲ್ಲಿ ಜೋಡಿಸಿಟ್ಟ ಹನ್ನೊಂದು ಹಾಸಿಗೆಗಳನ್ನು ನೋಡಿದರು. ಕಾಯುತ್ತಿರುವ ಹನ್ನೊಂದು ಜನರನ್ನು ನೆನೆದರು. “ಮಾಡಿ ರಾಯರೇ,” ಅಂದರು.

ರಾಯರ ನಂಬರು ತಾಣಕ್ಕೂ ತಲುಪಿ, ಐದೂ ನಲವತ್ತಕ್ಕೆ ಎಲ್ಲ ಮುಗಿಯಿತು. ಹೆಂಡತಿ ಕೊಟ್ಟ ಟೀ ಕುಡಿದು ಹುಡುಗಿ ಹೋದಳು. ಇಷ್ಟರ ಮೇಲೆ ಅಂಗಡಿ ವಿಮೆಗೂ ನಂಬರು ಸಿಕ್ಕಿತೆಂದು ವಿಮೆ ಅಕ್ಕ ಪಾಲಿಸಿಯನ್ನು ರಾಯರ ಹೆಸರಿಗೇ ಬರೆಸಿ, ಸರ್ವೆಯವರ ಜೊತೆ ಖುಷಿಯಾಗಿ ಹೊರಟರು.

ಉಳಿದವರು ಮೂವರು ಮತ್ತು ಬೆಕ್ಕು. ರಾಯರು ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಬೋರ್ಡನ್ನು ಕೈಗೆತ್ತಿಕೊಂಡು ಅತ್ತಿತ್ತ ತಿರುಗಿಸಿದರು.

“ನಿಯಮದ ಪ್ರಕಾರ ಬೋರ್ಡಿನ ಮೇಲೆ ನಂಬರಿನವರ ಹೆಸರೇ ಇರಬೇಕು. ತಪ್ಪು ತಿಳ್ಕೋಬೇಡಿ ಟೇಪು, ಹಿಂದುಗಡೆ ಖಾಲಿ ಇದೆ, ಅಲ್ಲೇ ಬರೆಸ್ತೀನಿ. ನಿಮ್ಮ ಬದಿ ಹಾಗೇ ಇರುತ್ತೆ, ಗೋಡೆ ಕಡೆಗೆ.”

“ಅದಕ್ಕೇನಂತೆ,” ಅಂದರು ಮಾವ.

ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ರಾಯರು ಮೆಟ್ಟಿಲು ಹತ್ತತೊಡಗಿದರು. ಆಗಲೇ ತಲೆಯಲ್ಲಿ ಹೊಸ ಫೈಲು ತೆರೆದಿತ್ತು. ಅರ್ಧ ಹತ್ತಿ ನಿಂತು, ತಿರುಗದೆ ಅಂದರು:

“ಹಾಂ, ದಾಸ್ತಾನು ಬರ್ಕೋಬೇಕು. ನಾಳೆ ಒಂಬತ್ತಕ್ಕೆ. ತಡ ಆಗ್ಬಾರ್ದು.”

ಹೆಂಡತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಆಕೆ ಗಂಡನ ಕಡೆ ತಿರುಗುವಷ್ಟರಲ್ಲಿ, ಗೋಡೆಯ ಮೊಳೆಗಳಿಂದ ಬನಿಯನ್ ಬಿಡಿಸಿಕೊಳ್ಳುತ್ತಿದ್ದ ಮಾವನ ಬಾಯಿಂದ ಆ ಮಾತು ತಾನಾಗಿಯೇ ಬಂದುಬಿಟ್ಟಿತ್ತು.

“ಆಯ್ತು ಸಾರ್.”