ಎಲುಬಿನ ಫೋಟೋ ಕೋಣೆಯ ಒಂದೇ ಅರಿವೆ

ನಗುವ ಸಂಗತಿ ಹುಡುಕಿಕೊಂಡು ನಾನು ಎಲ್ಲೂ ಹೋದವನಲ್ಲ. ಕಿರಾಣಿ ಅಂಗಡಿ ಇಟ್ಟವನ ಮುಂದೆ ಅವು ತಾವೇ ಬಂದು, ಅರ್ಧ ಸೇರು ಬೆಲ್ಲ ಕೊಡ್ರಿ ಅಂದ ಹಾಗೆ ನಿಲ್ಲುತ್ತವೆ. ಅದರಲ್ಲೂ ಆಸ್ಪತ್ರೆಗೆ ಸಾಮಾನು ಹಾಕುವವನಾದರೆ ಮುಗಿಯಿತು. ಒಂದನ್ನು ನಕ್ಕು ಮುಗಿಸುವುದರೊಳಗೆ ಇನ್ನೊಂದು ಮೆಟ್ಟಿಲು ಹತ್ತಿರುತ್ತದೆ.

ಇದು ಮದ್ರಾಸ್ ಸರ್ಕಾರದ ಕಾಲದ ಮಾತು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಊರ ಧರ್ಮಾಸ್ಪತ್ರೆಗೆ ಹೊಸದಾಗಿ ಒಂದು ಎಕ್ಸ್‌ರೇ ಯಂತ್ರ ಬಂತು. ಹಿಂದಿನ ಅಂಗಳದ ಎಣ್ಣೆ ಎಂಜಿನ್ನು ಢಬಢಬ ಅಂದರೆ ಸಾಕು, ಒಳಗೆ ಯಾರದೋ ಎಲುಬಿನ ಫೋಟೋ ತೆಗೆಯುತ್ತಿದ್ದಾರೆ ಎಂದು ಪೇಟೆಗೆಲ್ಲ ಗೊತ್ತಾಗುತ್ತಿತ್ತು. ಯಾರದು ಎಂಬುದನ್ನು ಪೇಟೆಯವರು ಆಮೇಲೆ ಪತ್ತೆ ಮಾಡುತ್ತಿದ್ದರು.

ಬಾಗಿಲ ಫಿನಾಯಿಲ್

ಆಸ್ಪತ್ರೆಗೆ ಸೋಪು, ಫಿನಾಯಿಲ್ ಹಾಕುತ್ತಿದ್ದವನು ನಾನು. ಎಕ್ಸ್‌ರೇ ಕೋಣೆಗೆಂದು ಕೊಟ್ಟ ಫಿನಾಯಿಲ್ ಸೀಸೆ ಎಷ್ಟು ದಿನವಾದರೂ ಖಾಲಿಯಾಗಲೊಲ್ಲದು. ಮಾರುವವನಿಗೆ ಇದಕ್ಕಿಂತ ದೊಡ್ಡ ಕಾಯಿಲೆ ಯಾವುದು? ಆ ಕೋಣೆಯ ಅಟೆಂಡರನನ್ನು ಹಿಡಿದು ಕೇಳಿದೆ.

"ಯಾಕಪ್ಪಾ, ಫಿನಾಯಿಲ್ ಹಾಕಂಗಿಲ್ಲೇನು?"

"ಹಾಕ್ತೀನ್ರಿ. ಬಾಗಿಲಾಗ ಹಾಕ್ತೀನಿ. ಬಂದೋರ ಮೂಗು ಮೊದಲು ಬಾಗಿಲಿಗೇ ಬರ್ತೈತಲ್ರಿ."

"ಒಳಗ?"

ಅವನು ನನ್ನನ್ನು ಹಳ್ಳಿಯವನನ್ನು ನೋಡಿದಂತೆ ನೋಡಿದ. "ಒಳಗ ಯಾಕ್ರಿ ಸಾಹುಕಾರ್ರ? ಅದರ ಬೆಳಕು ಎಲುಬಿನ ತನಕ ಹೋಗ್ತೈತಿ. ಅಂಥಾದ್ರ ಮುಂದ ಹುಳಾ ಉಪ್ಪಡಿ ಉಳೀತಾವೇನ್ರಿ?"

ಬಳ್ಳಾರಿಯಿಂದ ದೊಡ್ಡ ಸಾಹೇಬರು ತನಿಖೆಗೆ ಬಂದ ದಿನ ಮಾತ್ರ ಅವನು ಮಿಕ್ಕ ಸೀಸೆಯನ್ನೆಲ್ಲ ಹೊಸ್ತಿಲ ಮೇಲೆ ಸುರಿದ. ಸಾಹೇಬರಿಗೆ ಬಾಗಿಲಲ್ಲೇ ಕಣ್ಣು ಉರಿಯಿತು. ಮೂಗಿಗೆ ಕರವಸ್ತ್ರ ಹಿಡಿದು, "ವೆರಿ ಕ್ಲೀನ್, ವೆರಿ ಕ್ಲೀನ್" ಎಂದು ಕೆಮ್ಮುತ್ತಲೇ ಹಿಂದಕ್ಕೆ ತಿರುಗಿ ಕಾರು ಹತ್ತಿದರು. ನನ್ನ ಫಿನಾಯಿಲಿಗೆ ಹುಳುಗಳು ಹೆದರಿದವೋ ಇಲ್ಲವೋ, ತನಿಖೆಯಂತೂ ಹೆದರಿತು.

ಚೊಂಬಿನ ನೀರು

ಆ ಹೊತ್ತಿಗೆ ನನ್ನ ಮಗಳಿಗೆ ಮಡಕಶಿರಾದಿಂದ ಒಂದು ಸಂಬಂಧ ಬಂದಿತ್ತು. ಶೇಂಗಾ ವ್ಯಾಪಾರದ ಮನೆ, ಒಬ್ಬನೇ ಮಗ. ದೀಪಾವಳಿ ಕಳೆದ ಮೇಲೆ ಬೀಗರು ತಾಂಬೂಲ ಬದಲಿಸಿಕೊಳ್ಳಲು ಬರುವವರಿದ್ದರು. ನನಗೋ ಎಷ್ಟು ಕಷಾಯ ಕುಡಿದರೂ ಹೋಗದ ಕೆಮ್ಮು. ಹೆಣ್ಣಿನ ತಂದೆಗೆ ಕ್ಷಯ ಎಂದು ಒಂದು ಪಿಸುಮಾತು ಹೊರಟರೆ ಈ ಸಂಬಂಧ ಮಾತ್ರವಲ್ಲ, ಮುಂದಿನದೂ ಬರುವುದಿಲ್ಲ. ಹೌದೋ ಅಲ್ಲವೋ ನೋಡಿಬಿಡೋಣ ಎಂದು, ಆಯುಧಪೂಜೆ ಕಳೆದು ವಾರವಾದ ಮೇಲೆ, ಮನೆಯಲ್ಲೂ ಹೇಳದೆ ಫೋಟೋ ಕೋಣೆಗೆ ಹೋದೆ.

ಬಾಗಿಲಲ್ಲಿ ಎದುರಾದವರು ಯಾರು? ಈ ಸಂಬಂಧ ಕುದುರಿಸಿದ ನಮ್ಮ ಪುರೋಹಿತರೇ. ಕೈಯಲ್ಲಿ ತಾಮ್ರದ ಚೊಂಬು.

"ಏನ್ ಭಟ್ರ, ಇಲ್ಲಿ?"

"ಯಂತ್ರದ ಪೂಜಿ ಸರಿಯಾಗಿ ಆತೋ ಇಲ್ಲೋ ನೋಡಿ ಹೋಗೋಣಂತ ಬಂದೆ. ನೀವು?"

"ಫಿನಾಯಿಲ್ ನೋಡಿ ಹೋಗೋಣಂತ ಬಂದೆ."

ಇಷ್ಟು ಮಾತಾಡಿ, ಪೂಜೆ ನೋಡಲು ಬಂದವರು ಮೈಮೇಲಿನ ವಸ್ತ್ರ ತೆಗೆದರು; ಫಿನಾಯಿಲ್ ನೋಡಲು ಬಂದವನು ಅಂಗಿ ಬಿಚ್ಚಿದೆ.

ಒಂದು ಹಲಗೆಗೆ ಎದೆ ಒತ್ತಿ, ಅದರ ಮೇಲಂಚಿಗೆ ಗದ್ದ ಊರಿ ನಿಲ್ಲಬೇಕು. ಪುರೋಹಿತರು ಹಿಂದೆ ಸರಿದರು. "ಯಾರ್ಯಾರೋ ಗದ್ದ ಇಟ್ಟಾರ. ನನಗ ಆಗಂಗಿಲ್ಲ."

"ಒರೆಸ್ತೀನ್ರಿ ಸ್ವಾಮಿ."

"ನಿನ್ನ ನೀರಾಗ ಬ್ಯಾಡ. ಇಕಾ, ಮಡಿ ನೀರು."

ಅಟೆಂಡರ ಭಕ್ತಿಯಿಂದ ಚೊಂಬು ಇಸಕೊಂಡ. ಹೆಗಲ ಮೇಲಿದ್ದ ಅರಿವೆಯನ್ನು ಅದರಲ್ಲಿ ಅದ್ದಿದ. ಆ ಅರಿವೆಗೆ ಮೂಲದಲ್ಲಿ ಯಾವ ಬಣ್ಣವಿತ್ತೋ ನೇಯ್ದವನೂ ಹೇಳಲಾರ. ಬೆಳಗಿನಿಂದ ಬಂದವರ ಗದ್ದ, ಬೆವರು, ಉಗುಳು ಎಲ್ಲ ಅದರಲ್ಲೇ. ಅದರಿಂದ ಅಂಚನ್ನು ಮೂರು ಸಲ ತಿಕ್ಕಿದ. ಪುರೋಹಿತರು ಸಮಾಧಾನದಿಂದ ಗದ್ದ ಊರಿದರು. ನನ್ನ ಸರದಿ ಬಂದಾಗಲೂ ಅದೇ ಅರಿವೆ.

"ನಿಮಗಂತ ಗಟ್ಟಿ ಒರೆಸೀನ್ರಿ ಸಾಹುಕಾರ್ರ."

ಹೊರಗೆ ಬಂದ ಮೇಲೆ ಪುರೋಹಿತರು ನನ್ನ ಕಿವಿಯಲ್ಲಿ ಹೇಳಿದರು: "ನೀವೂ ಒಂದು ಚೊಂಬು ನೀರು ತರಬೇಕಾಗಿತ್ತು ನೋಡ್ರಿ."

ಬನಿಯನ್ನಿನ ಕೆಂಪು

ಡಾಕ್ಟರು ನನ್ನ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು. "ಎಡಗಡೆ ಒಂದು ಬಿಳಿ ಕಲೆ ಇದೆಯಲ್ಲ" ಎಂದರು. ಮುಂದೇನೋ ಹೇಳಿದರು, ನನಗೆ ಕೇಳಿಸಲಿಲ್ಲ. ಕಣ್ಣ ಮುಂದೆ ಮಗಳ ಮುಖ ಒಂದೇ. ಫಿಲ್ಮು ತಂದು ಟ್ರಂಕಿನ ತಳದಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ಬಟ್ಟೆ ಒಗೆಯಲು ಹೋದ ಹೆಂಡತಿ ನನ್ನ ಬನಿಯನ್ ಹಿಡಿದು ನಡುಮನೆಗೆ ಬಂದಳು. ಎಡಗಡೆ ಎದೆಯ ಮೇಲೆ ಒಂದು ಕೆಂಪು ಬೊಟ್ಟು.

"ಇದು ಯಾರ ಹಣಿಮ್ಯಾಲಿನ ಕುಂಕುಮರೀ?"

ಒಂದು ಕಡೆ ಕ್ಷಯ, ಇನ್ನೊಂದು ಕಡೆ ಪರಸ್ತ್ರೀ. ಯಾವುದನ್ನು ಒಪ್ಪಿಕೊಂಡರೆ ನಷ್ಟ ಕಡಿಮೆ ಎಂದು ನಾನು ಮನಸ್ಸಿನಲ್ಲಿ ತೂಗುತ್ತಿದ್ದೆ. ಅಷ್ಟರಲ್ಲಿ ಅವಳೇ ಬೆರಳಿಂದ ಉಜ್ಜಿ ನೋಡಿದಳು. "ಅಲ್ಲ, ಇದು ಕುಂಕುಮಲ್ಲ. ಹಣಮಪ್ಪಗ ಹಚ್ಚೋ ಸಿಂಧೂರ ಇದು. ಮೈಗೆ ಸಿಂಧೂರ ಹಚ್ಚಿಕೊಳ್ಳೋ ಅಕಿ ಯಾರು, ಹೇಳ್ರಿ."

ನಾನು ಬನಿಯನ್ ಕಸಿದುಕೊಂಡೆ. ಟ್ರಂಕಿನಿಂದ ಫಿಲ್ಮು ತೆಗೆದು ಅದರ ಮೇಲಿಟ್ಟೆ. ಕೆಂಪು ಬೊಟ್ಟು ಇದ್ದಲ್ಲೇ ಬಿಳಿ ಕಲೆ! ಸಿಂಧೂರದಲ್ಲಿ ಸೀಸ ಇರುತ್ತದೆ ಎಂಬುದು ಅದನ್ನು ಮಾರುವವನಿಗೆ ಗೊತ್ತು. ಎಕ್ಸ್‌ರೇ ಸೀಸವನ್ನು ದಾಟುವುದಿಲ್ಲ ಎಂದು ಡಾಕ್ಟರೇ ಒಮ್ಮೆ ಜಂಬ ಕೊಚ್ಚಿದ್ದರು. ಹೆಂಡತಿಗೆ ಎಲ್ಲ ಹೇಳಿ ಆಸ್ಪತ್ರೆಗೆ ಓಡಿದೆ.

ಅಟೆಂಡರ ಒಪ್ಪಿಕೊಂಡ. ಆಯುಧಪೂಜೆಗೆ ಹಲಗೆಯ ಮೇಲೆ ಸಿಂಧೂರದ ಬೊಟ್ಟು ಇಟ್ಟವನೂ ಅವನೇ, ಆಮೇಲೆ ಅಳಿಸಿದಂತೆಲ್ಲ ತಿದ್ದುತ್ತಾ ಬಂದವನೂ ಅವನೇ.

"ಎಡಕ್ಕ ಯಾಕೋ ಇಟ್ಟಿ?"

"ಯಂತ್ರಕ್ಕೂ ಒಂದು ಗುಂಡಿಗಿ ಇರ್ತೈತಲ್ರಿ."

"ಮತ್ತ ಒರೆಸಬೇಕಿಲ್ಲೇನು?"

"ಪೂಜಿ ಮಾಡಿದ್ದು ಒರೆಸ್ತಾರೇನ್ರಿ ಯಾರಾರ? ಗದ್ದ ಇಡೋ ಅಂಚು ಅಷ್ಟ ಒರೆಸ್ತೀನಿ."

ಡಾಕ್ಟರ ಮುಖ ಬಿಳಿಚಿತು. ಹಬ್ಬದಿಂದೀಚೆಗೆ ಬಂದವರಿಗೆಲ್ಲ ಅದೇ ಜಾಗದಲ್ಲಿ ಅದೇ ಕಲೆ ಕಂಡು, ಅವರು ರಾಯದುರ್ಗದ ಸೀಮೆಯಲ್ಲಿ ಹೊಸ ರೋಗವೊಂದು ಸಿಕ್ಕಿದೆಯೆಂದು ಮದ್ರಾಸಿಗೆ ಕಾಗದ ಬರೆಯಲು ಕೂತಿದ್ದರಂತೆ. ಹಲಗೆ ತೊಳೆಸಿ, ಎಲ್ಲರನ್ನೂ ಕರೆಸಿ ಮತ್ತೆ ಫೋಟೋ ತೆಗೆಸಿದರು. ನನ್ನ ಎದೆ ಚೊಕ್ಕ. ಪುರೋಹಿತರದೂ ಚೊಕ್ಕ. ಒಬ್ಬರು ಮಾತ್ರ ಸಿಗಲಿಲ್ಲ. ಬೊಮ್ಮನಹಾಳ್ ಎಂದು ಊರು ಬರೆಸಿದ್ದ ಹಿರಿಯರೊಬ್ಬರಿದ್ದರು. ಜವಾನ ಅಲ್ಲಿಗೆ ಹೋಗಿ ವಿಚಾರಿಸಿದರೆ ಆ ಹೆಸರಿನವರೇ ಆ ಊರಲ್ಲಿಲ್ಲ.

ನಾನು ಹಗುರಾಗಿ ಮನೆಗೆ ಬಂದೆ. ಹೆಂಡತಿ ಕೇಳಿದಳು: "ಆ ಸಿಂಧೂರ ಯಾರ ಅಂಗಡೀದಂತ?"

ಊಟಕ್ಕೆ ಬಡಿಸು ಅಂದೆ.

ಹರಕೆಯ ಗಡ್ಡ

ಎದೆಯ ಕಲೆ ಹೋಯಿತು, ಗದ್ದಕ್ಕೆ ಬಂತು. ಎರಡನೆಯ ಫೋಟೋಕ್ಕೂ ಅದೇ ಅರಿವೆಯಿಂದಲೇ ಅಂಚು ಒರೆಸಿದ್ದನಲ್ಲ. ಕೆಲವೇ ದಿನಕ್ಕೆ ಗದ್ದದ ಮೇಲೆ ನಾಣ್ಯದಷ್ಟು ದುಂಡಗೆ, ಕೆಂಪಗೆ, ತುರಿಸುವ ಹುಳುಕಡ್ಡಿ. ಪೇಟೆಯಲ್ಲಿ ನೋಡಿದರೆ ನನ್ನಂಥವರು ಅಲ್ಲೊಬ್ಬ ಇಲ್ಲೊಬ್ಬ.

ಮೊದಲು ಎಲ್ಲರೂ ಕ್ಷೌರಿಕನನ್ನು ಬೈದರು. ಅವನು ಸುಮ್ಮನಿರುವ ಆಸಾಮಿಯೇ? ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಕೇಳತೊಡಗಿದ: "ನನ್ನ ಕತ್ತಿ ಕೆನ್ನಿ ಬಿಟ್ಟು ಗದ್ದ ಅಷ್ಟ ಕೆರೀತೈತೇನ್ರಿ? ಎಲುಬಿನ ಫೋಟೋಕ್ಕ ಹೋದೋರು ಯಾರ್ಯಾರು, ಕೈ ಎತ್ರಿ ನೋಡೋಣ!"

ಕೈ ಯಾರೂ ಎತ್ತಲಿಲ್ಲ. ಆದರೆ ಆವತ್ತಿನಿಂದ ಗದ್ದದ ಚಕ್ರವೆಂದರೆ ಕ್ಷಯದ ಅನುಮಾನದ ಮೇಲೆ ಫೋಟೋಕ್ಕೆ ಹೋಗಿಬಂದ ಮುದ್ರೆ ಎಂದಾಯಿತು. ಒಬ್ಬೊಬ್ಬರೇ ಗಡ್ಡ ಬಿಟ್ಟರು. ಕೇಳಿದರೆ ತಿರುಪತಿ ಹರಕೆ. ತಿರುಪತಿಗೆ ಹೋಗುವ ದಾರಿ ಗೊತ್ತಿಲ್ಲದವನೂ ಹರಕೆ ಹೊತ್ತ. ಗಡ್ಡ ಬಿಡಲಾಗದ ಪುರೋಹಿತರು ತಮ್ಮದು ಸರ್ಪದೋಷ ಎಂದರು. ಆಮೇಲೆ ಚಕ್ರ ಕಂಡವರಿಗೆಲ್ಲ ಅದನ್ನೇ ಹೇಳಿ ನಾಗಪೂಜೆ ಮಾಡಿಸತೊಡಗಿದರು.

ನಾನು ಡಾಕ್ಟರ ಬಳಿ ಹೋಗಿ, ಇದು ಹಾವಿನ ಕೆಲಸವಲ್ಲ, ನಿಮ್ಮ ಅರಿವೆಯ ಕೆಲಸ ಎಂದೆ. ಅವರು ಅಟೆಂಡರನಿಗೆ ಬೈದು, ಆಳಿಗೊಂದರಂತೆ ಚೊಕ್ಕ ತುಂಡು ಬಳಸಬೇಕು, ಬಳಸಿದ್ದನ್ನು ಕುದಿಸಬೇಕು ಎಂದು ಕಟ್ಟಪ್ಪಣೆ ಮಾಡಿದರು. ನಾನೇ ಒಂದು ಥಾನು ಬಿಳಿ ಬಟ್ಟೆ ಹರಿಸಿ ಕಳಿಸಿದೆ. ವಾರ ಬಿಟ್ಟು ಹೋದರೆ ಹೆಗಲ ಮೇಲೆ ಅದೇ ಹಳೆಯದು.

"ಹೊಸವು ಎಲ್ಲಪ್ಪಾ?"

"ಭದ್ರ ಮಡಚಿ ಇಟ್ಟೀನ್ರಿ, ಸಾಹೇಬ್ರು ತನಿಖಿಗೆ ಬರ್ಲಿ ಅಂತ. ರೋಗ್ಯಾರ ಕೈಗೆ ಕೊಟ್ರ ಹೊಲಸಾಗಂಗಿಲ್ಲೇನ್ರಿ?"

ಹಲ್ಲುನೋವಿನ ಬೀಗರು

ಬೀಗರು ಬರುವ ದಿನ ಬಂತು. ಗಡ್ಡ ಬಿಟ್ಟು ಕೂತರೆ ಮನೆಯಲ್ಲಿ ಸೂತಕವೇ ಎಂದು ಕೇಳುತ್ತಾರೆ. ಬೋಳಿಸಿದರೆ ಚಕ್ರ ಕಾಣುತ್ತದೆ. ಹೆಂಡತಿಯೇ ನನ್ನ ಮುಖಕ್ಕೆ ಮೂಗಿನವರೆಗೆ ಶಾಲು ಸುತ್ತಿದಳು. "ಕೇಳಿದ್ರ ಹಲ್ಲುನೋವು ಅನ್ರಿ. ಕೆಮ್ಮಬ್ಯಾಡ್ರಿ ಮತ್ತ."

ಹಿರಿಯರ ಜೊತೆ ಬೀಗರು, ಹುಡುಗನ ತಂದೆ, ಗಾಡಿ ಇಳಿದರು. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿದೆ, ಅವರ ಮುಖಕ್ಕೂ ಮೂಗಿನವರೆಗೆ ಮಫ್ಲರು.

"ಬರ್ರಿ ಬರ್ರಿ ಬೀಗರ. ಯಾಕ್ರಿ ಮಫ್ಲರು?"

"ಹಲ್ಲುನೋವು ಕಣ್ರಿ. ನಿಮ್ಗೆ?"

"ನಮಗೂ ಹಲ್ಲ ನೋಡ್ರಿ."

ಊಟಕ್ಕೆ ಕೂತಾಗ ಹಲ್ಲುನೋವಿನವರಿಬ್ಬರೂ ಬಟ್ಟೆಯ ಸಂದಿಯಿಂದಲೇ ಹೋಳಿಗೆ ಒಳಗೆ ಕಳಿಸಿದೆವು. ನೋವಿನಲ್ಲೂ ಇಬ್ಬರೂ ಮೇಲೆ ಮೇಲೆ ಹಾಕಿಸಿಕೊಂಡೆವು. ಊಟ ಮುಗಿದು ಪುರೋಹಿತರು ತಾಂಬೂಲದ ತಟ್ಟೆ ಮುಂದಿಟ್ಟರು. ಬಾಗಿಲ ಮರೆಯಲ್ಲಿ ಮಗಳ ಬಳೆಯ ಸದ್ದು.

ಬೀಗರು ತಟ್ಟೆಗೆ ಕೈ ಹಚ್ಚಲಿಲ್ಲ.

"ತಡೀರಿ ಸಾಮಿ. ಇದು ನಡಿಯಾಕಿಲ್ಲ."

ಸುದ್ದಿ ಮಡಕಶಿರಾ ಮುಟ್ಟಿದೆ, ಮುಗಿಯಿತು ಎಂದುಕೊಂಡೆ.

"ನಿಮ್ ಮಗ್ಳು ಬಂಗಾರದಂಥಾ ಕೂಸು. ಅವಳದೇನೂ ತಪ್ಪಿಲ್ಲ" ಎಂದರು ಬೀಗರು. "ನನ್ನ ಎದೇಲಿ ಆ ಕಾಯ್ಲೆ ಐತೆ. ಮುಚ್ಚಿಟ್ಟು ಮದ್ವೆ ಮಾಡಾಣ ಅಂತ್ಲೇ ಹೊಂಟೆ. ದಾರಿ ಉದ್ದಕ್ಕೂ ಮನ್ಸು ಒಪ್ನಿಲ್ಲ. ಇಂಥಾ ಮನೇಗೆ ಹೆಣ್ ಕೊಡ್ಬ್ಯಾಡ್ರಿ." ಅಂದು ಚೀಲದಿಂದ ಒಂದು ಫಿಲ್ಮು ತೆಗೆದು ನನ್ನ ಕೈಗಿಟ್ಟರು.

ಕಿಟಕಿಗೆ ಹಿಡಿದೆ. ಎಡಗಡೆ ಬಿಳಿ ಕಲೆ.

"ಬೀಗರ, ಇದನ್ನ ಎಲ್ಲಿ ತೆಗೆಸಿದ್ರಿ?"

"ಇದೇ ಊರಾಗೆ. ನಮ್ಮ ಕಡೆ ಯಾರ್ಗೂ ಗೊತ್ತಾಗ್ಬಾರ್ದು ಅಂತ ಆಯುಧಪೂಜೆ ಕಳದ ಮ್ಯಾಲೆ ಇಲ್ಲಿಗ್ ಬಂದೆ. ಊರು ಬೊಮ್ಮನಹಾಳ್ ಅಂತ ಬರೆಸ್ದೆ."

ನಾನು ಟ್ರಂಕು ತೆರೆದೆ. ನನ್ನ ಹಳೆಯ ಫಿಲ್ಮು ಅಲ್ಲೇ ಇತ್ತು. ದುಡ್ಡು ಕೊಟ್ಟ ವಸ್ತುವನ್ನು ನಾನು ಎಸೆದವನಲ್ಲ. ಎರಡನ್ನೂ ಒಂದರ ಪಕ್ಕ ಒಂದು ಹಿಡಿದೆ. ಅದೇ ಜಾಗ, ಅದೇ ಕಲೆ.

"ಇದು ರೋಗ ಅಲ್ರಿ ಬೀಗರ. ನಮ್ಮ ಅಂಗಡಿ ಸಿಂಧೂರ."

ನಡೆದದ್ದೆಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಬೀಗರು ಗೋಡೆಗೆ ಒರಗಿದರು. ಕಣ್ಣೊರೆಸಿಕೊಳ್ಳಲು ಮಫ್ಲರು ಎಳೆದರು. ಗದ್ದದ ಮೇಲೆ ದುಂಡಗೆ ಒಂದು ಚಕ್ರ! ನಾನೂ ಶಾಲು ಕೆಳಗಿಳಿಸಿದೆ. ಬೀಗರು ನನ್ನ ಗದ್ದ ನೋಡಿದರು, ಆಮೇಲೆ ಪುರೋಹಿತರ ಗದ್ದ ನೋಡಿದರು.

"ಇದೂ ನಿಮ್ಮಂಗಡೀದೇನ್ರಿ?"

"ಇಲ್ರಿ. ಇದು ಆಸ್ಪತ್ರೀದು. ಎದಿಯಾಗಿದ್ದದ್ದು ಸುಳ್ಳು, ಇದು ಅಪ್ಪಟ ಖರೇ."

ಪುರೋಹಿತರಿಗೆ ಎಲ್ಲಿಲ್ಲದ ಖುಷಿ. "ಜಾತಕಕ್ಕಿಂತ ಎಲುಬು ಚಲೋ ಕೂಡಿ ಬಂದಾವ" ಎಂದು ಗಂಧದ ಬಟ್ಟಲು ಎತ್ತಿದರು. ತುರಿಕೆಗೆ ತಂಪು ಎಂದು ಮೊದಲು ತಮ್ಮ ಗದ್ದಕ್ಕೆ ಸವರಿಕೊಂಡು, ಅದೇ ಬೆರಳು ಅದ್ದಿ ನನಗೆ, ಬೀಗರಿಗೆ, ಆಮೇಲೆ ಸಾಲಾಗಿ ಎರಡೂ ಕಡೆಯ ಹಿರಿಯರ ಗದ್ದಕ್ಕೆಲ್ಲ ಹಚ್ಚುತ್ತಾ ನಡೆದರು.

ಹೆಂಡತಿ ಬಾಗಿಲಿಂದ ಕೂಗಿದಳು: "ಭಟ್ರ, ಬಟ್ಟಲ ಬದಲಿಸ್ರಿ! ಬೆರಳು ತೊಳಕೊಳ್ರಿ!"

"ಶುಭ ಕಾಲದಾಗ ಅಡ್ಡ ಮಾತು ಬ್ಯಾಡಮ್ಮ. ಗಂಧಕ್ಕ ಎಲ್ಲಿ ಮೈಲಿಗಿ?"

ಮದುವೆ ಮುಂದಿನ ತಿಂಗಳೇ ಆಯಿತು. ಪಂಕ್ತಿಯಲ್ಲಿ ಎರಡೂ ಕಡೆಯ ಹತ್ತಿರದವರಿಗೆ ಬೇರೆ ಸಾಲು, ಎರಡೆರಡು ಚಿರೋಟಿ ಎಂದು ಮಾತಾಗಿತ್ತು. ಯಾರು ಹತ್ತಿರದವರು ಎಂದು ತೋರಿಸಿಕೊಡಲು ನಾನು ಓಡಿ ಬಂದರೆ, ಸಾಲು ಆಗಲೇ ಸರಿಯಾಗಿ ಕೂತಿದೆ, ಎಲೆಗೆ ಎರಡೆರಡು ಚಿರೋಟಿಯೂ ಬಿದ್ದಿದೆ.

"ಎಲ್ಲಾರ ಗುರುತು ನಿನಗ ಹೆಂಗ ಸಿಕ್ತೋ?" ಎಂದು ಅಡುಗೆಯವನನ್ನು ಕೇಳಿದೆ.

"ಯಾರನ್ನೂ ಕೇಳೋದ ಬ್ಯಾಡಾತ್ರಿ ಸಾಹುಕಾರ್ರ" ಎಂದ ಅವನು. "ಗದ್ದ ನೋಡೀನಿ, ಎಲಿ ಹಾಕೀನಿ."