ಹಾಜರಿದ್ದ ಕಾರಣ ಗೈರು

ಕೊರೊನಾ ಬಂದ ವರ್ಷ, ಮಕ್ಕಳು ಶಾಲೆಗೆ ಬರಬಾರದು, ಆದರೆ ಪಾಠ ನಿಲ್ಲಬಾರದು ಎಂದು ಆದೇಶವಾಯಿತು. ಆದ್ದರಿಂದ ಕೂಡ್ಲಿಗಿ ತಾಲ್ಲೂಕು ಹೊಸಹಳ್ಳಿ ಹೋಬಳಿಯ ಒಂದು ಊರಿನಲ್ಲಿ ಐದನೇ ತರಗತಿಯ ಪಾಠಗಳು ನೀರಿನ ಟ್ಯಾಂಕಿನ ಕೆಳಗೆ ನಡೆದವು.

ಇದನ್ನು ಯಾರೂ ಯೋಜಿಸಿರಲಿಲ್ಲ. ರಮಾ ಟೀಚರ್ ಮೊಬೈಲ್ ಎತ್ತಿ ಹಿಡಿದು ಊರೆಲ್ಲ ಸುತ್ತಿದರು. ಸಿಗ್ನಲ್ ಸಿಕ್ಕಿದ್ದು ಟ್ಯಾಂಕಿನ ಬುಡದಲ್ಲಿ ಮಾತ್ರ. ಒಂಬತ್ತು ಮಕ್ಕಳು ತಮ್ಮೆಲ್ಲರ ಮನೆಗಳಿಂದ ಕೂಡಿಸಿದ ಮೂರು ಮೊಬೈಲ್ ಹಿಡಿದು ಸುತ್ತಾಡಿ, ಅಲ್ಲಿಗೇ ಬಂದು ತಲುಪಿದರು. ಹತ್ತು ಗಂಟೆಗೆ ಆನ್‌ಲೈನ್ ತರಗತಿ ಆರಂಭವಾದಾಗ ಶಿಕ್ಷಕಿಗೂ ಮಕ್ಕಳಿಗೂ ನಡುವೆ ಆರಡಿ ದೂರವಿತ್ತು.

ಒಂದು ತಾಂತ್ರಿಕ ತೊಂದರೆ ಎದುರಾಯಿತು. ಪಾಠ ಮೊದಲು ಟೀಚರ್ ಬಾಯಿಂದ ಕೇಳುತ್ತಿತ್ತು, ಎರಡು ಸೆಕೆಂಡ್ ಬಿಟ್ಟು ಮೊಬೈಲಿನಿಂದ. ಹಂಪಮ್ಮನ ಮಗಳು ಕ್ರಾಂತಿ ಎದ್ದು ನಿಂತಳು. "ಟೀಚರ್, ಮೊಬೈಲಿನ್ಯಾಗಿನ ಟೀಚರ್ ನಿಮ್ಮನ್ನ ನೋಡಿ ಕಾಪಿ ಹೊಡಿಯಾಕತ್ತಾರ್ರಿ."

ರಮಾ ಮೊಬೈಲ್‌ಗಳನ್ನು ಆಫ್ ಮಾಡಿಸಿದರು. ಕಲ್ಲಿನ ಮೇಲೆ ರೊಟ್ಟಿ ಇಟ್ಟು ಕಾಲು, ಅರ್ಧ, ಮುಕ್ಕಾಲು ಕಲಿಸತೊಡಗಿದರು. ಅವರಿಗೆ ಅವಸರವಿತ್ತು. ವಸತಿ ಶಾಲೆಯ ಪ್ರವೇಶ ಪರೀಕ್ಷೆ ಹತ್ತಿರ ಬರುತ್ತಿತ್ತು. ಪಾಸಾದರೆ ಕ್ರಾಂತಿಗೆ ಹತ್ತನೇ ತರಗತಿಯವರೆಗೆ ಊಟ, ವಸತಿ, ಓದು. ಇಲ್ಲದಿದ್ದರೆ ತಾಯಿಯ ಜೊತೆ ಹುಣಸೆಹಣ್ಣು ಕುಟ್ಟುವ ಕೂಲಿ.

ಮೊಬೈಲ್ ಆಫ್ ಆದ ಕಾರಣ ಏಕಾಂತಪ್ಪನವರ ಅಂಗಡಿಯಲ್ಲಿ ರೀಚಾರ್ಜ್ ಕಡಿಮೆಯಾಯಿತು. ಅವರು ಶಾಲಾಭಿವೃದ್ಧಿ ಸಮಿತಿಯ ಸದಸ್ಯರೂ ಆಗಿದ್ದರಿಂದ ಮಕ್ಕಳ ಆರೋಗ್ಯದ ಬಗ್ಗೆ ಕಳವಳಗೊಂಡರು. ಮೂರನೇ ದಿನ ತಪಾಸಣೆ ಅಧಿಕಾರಿ ಅರುಣಕುಮಾರ್ ಬೈಕಿನಲ್ಲಿ ಬಂದಿಳಿದರು. ರಮಾ ಏನನ್ನೂ ಕೇಳುವ ಮುಂಚೆಯೇ ಏಕಾಂತಪ್ಪ, ತಾವು ಕೊಟ್ಟಿದ್ದು ದೂರಲ್ಲ, ಮಾಹಿತಿ ಅಷ್ಟೆ, ಎಂದು ಸ್ಪಷ್ಟಪಡಿಸಿದರು.

ಅರುಣಕುಮಾರ್ ಕೆಟ್ಟವರಲ್ಲ. ಮಕ್ಕಳು ಕಲಿಯುತ್ತಿರುವುದನ್ನು ಕಂಡು ಸಂತೋಷಪಟ್ಟರು, ಆಮೇಲೆ ಅದನ್ನು ನಿಲ್ಲಿಸಿದರು. ಭೌತಿಕ ತರಗತಿಗೆ ನಿಷೇಧವಿತ್ತು. ಆನ್‌ಲೈನ್ ಪಾಠವನ್ನು ಎಲ್ಲಿ ಕುಳಿತು ಕೇಳಬೇಕೆಂದು ಆದೇಶದಲ್ಲಿಲ್ಲವಲ್ಲ ಎಂದರು ರಮಾ. ಅರುಣಕುಮಾರ್ ಆದೇಶವನ್ನು ಎರಡು ಸಲ ಓದಿ, ಹೌದೆಂದು ಒಪ್ಪಿ, ಅಲ್ಲಿಯೇ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಸ್ಥಳೀಯ ನಿಯಮಗಳನ್ನು ಬರೆದರು.

"ಮಕ್ಕಳು ಶಿಕ್ಷಕಿಗೆ ಬೆನ್ನು ಮಾಡಿ, ಟ್ಯಾಂಕಿನ ಕಂಬದ ಕಡೆ ಮುಖ ಮಾಡಿ ಕುಳಿತುಕೊಳ್ಳತಕ್ಕದ್ದು. ಪ್ರತಿ ಮಗುವೂ ಪ್ರತ್ಯೇಕ ಮೊಬೈಲ್ ಹೊಂದಿರತಕ್ಕದ್ದು. ಕಪ್ಪುಹಲಗೆಯ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಕಳುಹಿಸತಕ್ಕದ್ದು. ಹಿಂದಿರುಗಿ ನೋಡಿದ ಮಗುವನ್ನು ಆ ದಿನದ ಮಟ್ಟಿಗೆ ಗೈರುಹಾಜರು ಎಂದು ಪರಿಗಣಿಸತಕ್ಕದ್ದು. ಆನ್‌ಲೈನ್ ಹಾಜರಿ ಶೇಕಡಾ ಎಪ್ಪತ್ತೈದಕ್ಕಿಂತ ಕಡಿಮೆ ಇದ್ದವರ ಪರೀಕ್ಷಾ ಅರ್ಜಿಯನ್ನು ಮೇಲಕ್ಕೆ ಕಳುಹಿಸತಕ್ಕದ್ದಲ್ಲ."

ಉಳಿದ ಆರು ಮೊಬೈಲ್‌ಗಳನ್ನು ಏಕಾಂತಪ್ಪನವರು ಒದಗಿಸಿದರು. ಮೊಬೈಲ್‌ಗಳು ಹಳೆಯವು, ಬೆಲೆ ಹೊಸದು.

ಕ್ರಾಂತಿಯ ಪಾಲಿಗೆ ಬಂದದ್ದರ ಗಾಜು ಒಡೆದಿತ್ತು. ಅದರಲ್ಲಿ ಮೂರು ಎಂಟಾಗಿ ಕಾಣುತ್ತಿತ್ತು. ಅನುಮಾನ ಬಂದಾಗಲೆಲ್ಲ ಅವಳು ಹಿಂದಿರುಗಿ ಹಲಗೆ ನೋಡಿ, ಕೈ ಎತ್ತಿ ಪ್ರಶ್ನೆ ಕೇಳುತ್ತಿದ್ದಳು. ರಮಾ ದಿನವೂ ಮೇಲಕ್ಕೆ ಕಳುಹಿಸಬೇಕಿದ್ದ ತರಗತಿಯ ಫೋಟೊದಲ್ಲಿ ಎಂಟು ತಲೆಗಳ ಹಿಂಭಾಗ ಮತ್ತು ಒಂದು ಮುಖ ಬೀಳುತ್ತಿತ್ತು. ಎರಡು ವಾರದಲ್ಲಿ ಭಿನ್ನರಾಶಿ ಎಲ್ಲರಿಗಿಂತ ಚೆನ್ನಾಗಿ ಬಂದದ್ದು ಕ್ರಾಂತಿಗೆ. ಎಲ್ಲರಿಗಿಂತ ಕಡಿಮೆ ಹಾಜರಿಯೂ ಅವಳದೇ.

ಮುಂದಿನ ತಪಾಸಣೆಯ ದಿನ ಹಂಪಮ್ಮ ಕೂಲಿ ಬಿಟ್ಟು ಬಂದಳು.

"ಸಾಹೇಬ್ರ, ನನ್ನ ಮಗಳು ದಿನಾ ಇಲ್ಲೇ ಕುಂತಿರ್ತಾಳ. ಇಲ್ಲ ಅಂತ ಹೆಂಗ ಬರ್ದೀರಿ?"

"ಅದಾಳಮ್ಮ. ಫೋಟೊದಾಗ ಎದ್ದು ಕಾಣಾಕತ್ತಾಳ. ಅದಕ್ಕ ಗೈರು."

"ಹಂಗಾರ ಮನ್ಯಾಗ ಇದ್ದರ?"

"ಮನ್ಯಾಗ ಇದ್ರ ಭಾಳ ಚಲೋ. ಮೊಬೈಲ್ ಪಾಠದಾಗ ಇದ್ರ ಸಾಕು, ಪೂರ್ತಿ ಹಾಜರಿ."

ಹಂಪಮ್ಮ ಮರುದಿನ ಮೊಬೈಲ್ ಮಾತ್ರ ಕಳುಹಿಸಿದಳು.

ರಮಾ ಅದನ್ನು ಕ್ರಾಂತಿಯ ಜಾಗದಲ್ಲಿ, ಒಂದು ಕಲ್ಲಿನ ಮೇಲೆ, ಕಂಬದ ಕಡೆ ಮುಖ ಮಾಡಿಟ್ಟರು. ಮೊಬೈಲ್ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ವಾರ ತುಂಬುವಷ್ಟರಲ್ಲಿ ಅಲ್ಲಿ ಒಂಬತ್ತು ಕಲ್ಲು, ಒಂಬತ್ತು ಮೊಬೈಲ್ ಆದವು. ಈ ಕೇಂದ್ರದಲ್ಲಿ ಶಿಸ್ತು ಅತ್ಯುತ್ತಮವಾಗಿದೆ, ಕೆಮ್ಮು ಕೂಡ ಕೇಳಿಬರುವುದಿಲ್ಲ, ಇದನ್ನು ಮಾದರಿ ಎಂದು ಘೋಷಿಸಬಹುದು ಎಂದು ಅರುಣಕುಮಾರ್ ವರದಿ ಬರೆದರು. ಬೇರೆ ಊರುಗಳ ಶಿಕ್ಷಕರು ಬಂದು ಕಲ್ಲುಗಳ ಅಳತೆ ತೆಗೆದುಕೊಂಡು ಹೋದರು.

ರಮಾ ದಿನವೂ ಹತ್ತರಿಂದ ಹನ್ನೊಂದರವರೆಗೆ ಮೊಬೈಲ್‌ಗಳಿಗೆ ಪಾಠ ಮಾಡುತ್ತಿದ್ದರು. ಅವುಗಳಿಗೆ ಅನುಮಾನಗಳಿರಲಿಲ್ಲ. ಹನ್ನೊಂದಕ್ಕೆ ಶಾಲೆಗೆ ನಡೆಯುತ್ತಿದ್ದರು. ಮಕ್ಕಳು ಬರಬಾರದ ಜಾಗವಾದ್ದರಿಂದ ಅಲ್ಲಿಗೆ ತಪಾಸಣೆ ಇರಲಿಲ್ಲ. ಕಿಟಕಿ ತೆರೆದು, ಮಾಸ್ಕ್ ಹಾಕಿ, ಬೆಂಚಿಗೊಬ್ಬರಂತೆ ಒಂಬತ್ತು ಮಕ್ಕಳು ಕಾಯುತ್ತಿದ್ದರು. ಸಿಕ್ಕಿಬಿದ್ದರೆ ತಮಗೆ ಅಮಾನತು, ಕ್ರಾಂತಿಯ ಅರ್ಜಿಯೂ ರದ್ದು ಎಂದು ರಮಾಗೆ ಗೊತ್ತಿತ್ತು. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕಲಿಸುತ್ತಿದ್ದರು.

ಅರ್ಜಿ ಕಳುಹಿಸುವ ಕೊನೆಯ ದಿನ ಹನ್ನೊಂದು ದಾಟಿದ ಮೇಲೆ ಅರುಣಕುಮಾರ್ ಅರ್ಜಿಗಳ ಸಮೇತ ಟ್ಯಾಂಕಿನ ಬಳಿ ಹೋದರು. ಟೀಚರ್ ಕಾಣಲಿಲ್ಲ. ಹುಡುಕುತ್ತ ಬಂದು ಶಾಲೆಯ ಬಾಗಿಲು ತಳ್ಳಿದರು.

ಹಲಗೆಯ ಮೇಲೆ ಅರ್ಧ ಬಿಡಿಸಿದ ಲೆಕ್ಕವಿತ್ತು. ರಮಾ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲಿಗೇ ನಿಂತಿತು. ಅಧಿಕಾರಿ ಹೊಸ್ತಿಲ ಮೇಲೆ ನಿಂತು ಒಂಬತ್ತು ತಲೆ ಎಣಿಸಿದರು. ಆಮೇಲೆ ಎಲ್ಲಕ್ಕಿಂತ ಮೇಲಿದ್ದ ಅರ್ಜಿಯ ಫೋಟೊ ನೋಡಿ, ಮೊದಲ ಬೆಂಚಿನ ಕಡೆ ತಿರುಗಿದರು.

"ಕ್ರಾಂತಿ, ಈಗ ನೀ ಎಲ್ಲಿ ಅದೀಯಮ್ಮ?"

ಕ್ರಾಂತಿ ರಮಾ ಟೀಚರ್ ಮುಖ ನೋಡಿದಳು. "ಮನ್ಯಾಗ ಅದೀನ್ರಿ ಸರ್."

"ಟೀಚರ್?"

"ಟ್ಯಾಂಕಿನ ಹತ್ರ ಅದಾರ್ರಿ."

"ಮತ್ತ ನಾನು?"

"ನೀವು ಇನ್ನಾ ಆಫೀಸ್ ಬಿಟ್ಟಿಲ್ರಿ."

ಅರುಣಕುಮಾರ್ ವಾಚ್ ನೋಡಿಕೊಂಡರು. ಖಾಲಿ ಬೆಂಚಿನ ತುದಿಯಲ್ಲಿ ಕುಳಿತು, ಅರ್ಜಿಯನ್ನು ತೊಡೆಯ ಮೇಲಿಟ್ಟು, ಆನ್‌ಲೈನ್ ಹಾಜರಿ ಶೇಕಡಾ ಎಂಬತ್ತೊಂದು ಎಂದು ದೃಢೀಕರಿಸಿ ಸಹಿ ಹಾಕಿದರು. ಸಹಿಯ ಕೆಳಗೆ, ಸ್ಥಳ ಎಂದಿದ್ದ ಕಡೆ, 'ಕಚೇರಿ' ಎಂದು ತುಂಬಿದರು. ರಮಾ ಟೀಚರ್ ಲೆಕ್ಕ ಮುಂದುವರಿಸಿದರು.